ಕನ್‌ಫೈಡ್ ಪದಕ್ಕೊಂದು ಸ್ವಂತ ವಾಕ್ಯ

ನಾನು ಮುಂಬಾಗಿಲಿನಿಂದ ಒಳಗೆ ಬಂದರೆ ನಮ್ಮ ಮನೆಯ ಮಾತು ಹಿಂಬಾಗಿಲಿನಿಂದ ಹೊರಗೆ ಹೋಗುತ್ತದೆ. ಚಪ್ಪಲಿ ಬಿಡುವಾಗ ಹೆಂಡತಿ ಮತ್ತು ಮಗಳ ಗುಸುಗುಸು ಕಿವಿಗೆ ಬಿದ್ದಿರುತ್ತದೆ. ಬಾಗಿಲು ತಳ್ಳಿದೆನೋ, ಹೆಂಡತಿಯ ಹೊಲಿಗೆ ಯಂತ್ರ ಗಡಗಡ ಶುರುವಾಗುತ್ತದೆ, ಮಗಳು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಮುಖ ಹುದುಗಿಸುತ್ತಾಳೆ. ಒಂದು ದಿನ ಯಂತ್ರದ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ನನ್ನ ಧರ್ಮಪತ್ನಿ ಬಹಳ ಶ್ರದ್ಧೆಯಿಂದ ಗಾಳಿಯನ್ನು ಹೊಲಿಯುತ್ತಿದ್ದಳು.

"ಏನು ಮಾತಾಡ್ತಿದ್ರಿ?" ಎಂದೆ.

"ಏನಿಲ್ಲ."

"ಏನಿಲ್ಲ ಅನ್ನೋದನ್ನ ಅಷ್ಟು ಹೊತ್ತು ಮಾತಾಡ್ತಿದ್ರಾ?"

"ಹೂಂ. ಬೇಗ ಮುಗಿಯೋ ವಿಷಯ ಅಲ್ಲ ಅದು," ಎಂದಳು.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಮ್ಮ ವಂಶದಲ್ಲಿ ಪದವಿಯ ಮುಖ ಕಂಡ ಮೊದಲ ಜೀವ ನಾನು. ಹಳ್ಳಿಯಲ್ಲಿ ಎಮ್ಮೆ ಕಾಯುತ್ತ, ರಟ್ಟು ಕಿತ್ತುಹೋದ ಇಂಗ್ಲಿಷ್ ನಿಘಂಟನ್ನು ಗಟ್ಟಿಯಾಗಿ ಓದಿ ಬೆಳೆದವನು. (ಎಮ್ಮೆಗಳು ತಲೆಯಾಡಿಸುತ್ತ ಕೇಳುತ್ತಿದ್ದವು. ಅಂಥ ಶ್ರೋತೃಗಳು ನನಗೆ ಮತ್ತೆ ಸಿಗಲಿಲ್ಲ.) ಆ ಓದಿನ ಮಹಾಫಲವಾಗಿ ಇವತ್ತು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ, ಅದೂ ಸೋರಿಕೆ ವಿಭಾಗದಲ್ಲಿ. ಊರಿನಲ್ಲಿ ಯಾವ ಪೈಪು ಒಡೆದರೂ ಮೊದಲು ತಿಳಿಯುವುದು ನನಗೆ. ನನ್ನ ಮನೆಯಲ್ಲಿ ಏನಾದರೂ ನಡೆದರೆ ಎಲ್ಲರಿಗಿಂತ ಕೊನೆಗೆ ತಿಳಿಯುವುದೂ ನನಗೇ.

ನಿಘಂಟಿನ ಅಭ್ಯಾಸವನ್ನು ನಾನಿನ್ನೂ ಬಿಟ್ಟಿಲ್ಲ. ಬೆಳಗಿನ ಕಾಫಿಯ ಜೊತೆ ಒಂದು ಪದ. ಹಳ್ಳಿ ಶಾಲೆಯ ಮೇಷ್ಟ್ರು ಹಾಕಿಕೊಟ್ಟ ಕ್ರಮದಲ್ಲೇ: ಪದ, ಅರ್ಥ, ಮೂಲ, ಕೊನೆಗೆ ಸ್ವಂತ ವಾಕ್ಯ. ಸ್ವಂತ ವಾಕ್ಯ ಮಾಡಲಾಗದವನನ್ನು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಭಯ ನನ್ನ ಮೂಳೆಯಿಂದ ಇಳಿದಿಲ್ಲ. ಹೊಸ ಪದ ಕಲಿತ ದಿನ ಅದನ್ನು ಯಾರಾದರೊಬ್ಬರ ಮೇಲೆ ವಾಕ್ಯವಾಗಿ ಪ್ರಯೋಗಿಸದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಹೆಂಡತಿ ಮುಂದಿನ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಊರಿನ ಗುಟ್ಟುಗಳೆಲ್ಲ ಬಂದು ಬೀಳುವುದು ಅಲ್ಲಿಗೇ. ಅಳತೆ ಕೊಡಲು ಸ್ಟೂಲಿನ ಮೇಲೆ ನಿಂತ ಹೆಂಗಸು ಕೈ ಅಗಲಿಸಿದಳೆಂದರೆ ಬಾಯಿಯೂ ತಾನಾಗಿ ತೆರೆದುಕೊಳ್ಳುತ್ತದೆ. ಅತ್ತೆಯ ಕಾಟ, ಗಂಡನ ಗೊರಕೆ, ಮೈದುನನ ಪ್ರೇಮಪ್ರಸಂಗ, ಎಲ್ಲವೂ. ಹೆಂಡತಿ ಎಲ್ಲಕ್ಕೂ "ಹ್ಞೂಂ" ಅನ್ನುತ್ತಾಳೆ. ಬೇರೇನೂ ಅನ್ನಲಾರಳು, ಏಕೆಂದರೆ ಅವಳ ತುಟಿಗಳ ನಡುವೆ ಗುಂಡುಸೂಜಿಗಳ ಸಾಲು ನಿಂತಿರುತ್ತದೆ. ಮದುವೆಯಾದ ಹೊಸದರಲ್ಲಿ, ಬಾಯಿ ತುಂಬ ಸೂಜಿ ಇಟ್ಟುಕೊಳ್ಳುವ ಹೆಂಡತಿ ಸಿಕ್ಕಿದ್ದು ನನ್ನ ಪೂರ್ವಜನ್ಮದ ಪುಣ್ಯ ಎಂದುಕೊಂಡಿದ್ದೆ. ನನ್ನನ್ನು ಕಂಡ ಕೂಡಲೇ ಅವನ್ನು ತೆಗೆದು ಡಬ್ಬಿಗೆ ಹಾಕುತ್ತಾಳೆ ಎಂಬುದು ಆಮೇಲೆ ತಿಳಿಯಿತು.

ಊರಿನವರ ಗುಟ್ಟು ನನಗೆ ಬೇಡ. ಬೇಕಾದದ್ದು ಮಗಳದು. ಚಿಕ್ಕವಳಿದ್ದಾಗ ಸೈಕಲ್ಲಿನ ಅಡ್ಡಕಂಬಿಯ ಮೇಲೆ ಕೂತು, ಯಾರು ಯಾರ ಪೆನ್ಸಿಲು ಕದ್ದರು, ಯಾರು ಯಾರ ಜೊತೆ ಠೂ ಬಿಟ್ಟರು ಎಂದು ಮನೆ ತಲುಪುವ ತನಕ ಹೇಳುತ್ತಿದ್ದ ಹುಡುಗಿ. ಈಗ ಪದವಿ ಮುಗಿಸಿ, ನಾನು ಸೇರಿಸಿದ ಕೋಚಿಂಗ್ ಕ್ಲಾಸಿಗೆ ಹೋಗುತ್ತಿದ್ದಾಳೆ. ಅಧಿಕಾರಿಯಾಗಬೇಕು, ಮೇಜಿನ ಮೇಲೆ ಹೆಸರಿನ ಫಲಕ ಇರಬೇಕು, ನಾನು ಹೊರಗಿನ ಬೆಂಚಿನಲ್ಲಿ ಕೂತು ಚೀಟಿ ಕಳಿಸಿ ಒಳಗೆ ಹೋಗಬೇಕು ಎಂಬುದು ನನ್ನ ಕನಸು. ಇತ್ತೀಚೆಗೆ ಅವಳ ಮನಸ್ಸಿನಲ್ಲಿ ಏನೋ ಇದೆ. ಅದು ಅವಳಮ್ಮನಿಗೆ ಗೊತ್ತು, ನನಗೆ ಗೊತ್ತಿಲ್ಲ.

ಅಂಥ ಹೊತ್ತಿನಲ್ಲೇ ನಿಘಂಟು ಕೈಹಿಡಿಯಿತು. ಅಂದಿನ ಪದ ಕನ್‌ಫೈಡ್. ಸಂಜೆ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡೆ.

"ಬಂತು," ಎಂದಳು ಹೆಂಡತಿ. ನಿಘಂಟಿನ ಬಗ್ಗೆಯೋ ನನ್ನ ಗಂಟಲಿನ ಬಗ್ಗೆಯೋ ಹೇಳಲಿಲ್ಲ.

"ಕನ್‌ಫೈಡ್ ಅಂದ್ರೆ, ನಂಬಿಕೆ ಇಟ್ಟು ಒಬ್ಬರ ಹತ್ರ ಗುಟ್ಟು ಹೇಳಿಕೊಳ್ಳೋದು," ನಾನು ಶುರುಮಾಡಿದೆ. "ಮೂಲ ಲ್ಯಾಟಿನ್ ಭಾಷೆ. ಫೀಡೆರೆ ಅಂದ್ರೆ ನಂಬು. ಅದರ ಮುಂದೆ ಕನ್ ಸೇರಿದ್ರೆ ಪೂರ್ತಿ ನಂಬು. ಕಾನ್ಫಿಡೆನ್ಸ್ ಇದರ ಅಕ್ಕ. ಇನ್ನೊಂದು ಪದ ಇದೆ, ಡೈವಲ್ಜ್. ಅದೂ ಗುಟ್ಟು ಹೇಳೋದೇ, ಆದ್ರೆ ಬಯಲು ಮಾಡೋದು. ವಲ್ಗಸ್ ಅಂದ್ರೆ ಜನಸಮೂಹ. ಗುಂಪಿಗೆ ಎಸೆಯೋದು ಅನ್ನಿ. ಕನ್‌ಫೈಡ್ ಕುಲೀನ ಪದ, ಡೈವಲ್ಜ್ ಬೀದಿಯದು. ಒಂದು ಮನೇಲಿ ಯಾವ್ದು ಇರ್ಬೇಕು, ಹೇಳಿ ನೋಡೋಣ."

"ಉಪ್ಪು ಇರ್ಬೇಕು. ಸಾರಿಗೆ ಕಮ್ಮಿಯಾಗಿದೆ," ಎಂದಳು ಹೆಂಡತಿ.

ಮಗಳು ಮಾತ್ರ ಕುತೂಹಲದಿಂದ ಕೇಳಿದಳು. "ಅಪ್ಪ, ಈ ಪದಕ್ಕೆ ಮೊದಲಿಂದಲೂ ಗುಟ್ಟು ಹೇಳೋದು ಅಂತಾನೇ ಅರ್ಥ ಇತ್ತಾ?"

ಇಂಥ ಪ್ರಶ್ನೆಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. "ಇಲ್ಲಮ್ಮ. ಮೊದಲು ಬರೀ ನಂಬೋದು ಅಂತಷ್ಟೇ. ಗುಟ್ಟು ಹೇಳೋದು ಅನ್ನೋ ಅರ್ಥ ಬಹಳ ಕಾಲ ಆದ್ಮೇಲೆ ಬಂತು."

"ಹಾಗಾದ್ರೆ ನಮ್ಮನೇಲೂ ಅದೇ ಕ್ರಮದಲ್ಲಿ ಬರ್ಲಿ ಬಿಡಪ್ಪ," ಎಂದು ತಟ್ಟೆ ತೆಗೆದುಕೊಂಡು ಎದ್ದಳು.

ನಾನು ಹೆಂಡತಿಯ ಕಡೆ ತಿರುಗಿದೆ. "ಅಂದ್ರೆ? ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ತಂಗಿ ಬಸುರಿ ಅಂತ ಅವಳ ಗಂಡನಿಗೆ ತಿಳಿಸಿದ್ದು ಯಾರು?"

"ಗಂಡನಿಗೆ ಹೇಳೋದೂ ತಪ್ಪಾ?"

"ಅವಳೇ ಹೇಳೋಣ ಅಂತ ಸಂಜೆ ತನಕ ಕಾಯ್ತಿದ್ಲು. ನೀವು ಮಧ್ಯಾಹ್ನವೇ ಅವರ ಆಫೀಸಿಗೆ ಫೋನ್ ಮಾಡಿದ್ರಿ. ಎದುರು ಮನೆಯವರಿಗೆ ಕಟ್ಟಿದ ಹಲ್ಲು ಅಂತ ಬಸ್ಸಲ್ಲಿ ಹೇಳಿದ್ದು ಯಾರು?"

"ಅದು ಡೆಂಚರ್ ಅನ್ನೋ ಪದದ ಸ್ವಂತ ವಾಕ್ಯ ಕಣೇ."

"ಅವರೂ ಅದೇ ಬಸ್ಸಲ್ಲಿದ್ರು," ಎಂದು ಅವಳೂ ಎದ್ದಳು.

ಆದರೆ ಬೋಧನೆ ವ್ಯರ್ಥವಾಗಲಿಲ್ಲ. ಒಂದೆರಡು ದಿನ ಕಳೆದ ಮೇಲೆ, ನಾನು ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕೂತಳು. ಅತ್ತಿತ್ತ ನೋಡಿದಳು. ದನಿ ತಗ್ಗಿಸಿದಳು.

"ಅಪ್ಪ, ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು. ಯಾರಿಗೂ ಹೇಳ್ಬಾರ್ದು."

ನನ್ನ ಕೈಯಲ್ಲಿದ್ದ ಬ್ರಷ್ಷು ನಿಂತಿತು.

"ನಾನು ಲಾರಿ ಓಡಿಸೋಕೆ ಕಲೀತಿದ್ದೀನಿ."

ಯಾವ ತಂದೆಯ ಎದೆಯೂ ಈ ಮಾತಿಗೆ ಝಲ್ಲೆನ್ನಬೇಕು. ನನಗೆ ಆದದ್ದು ಆನಂದ. ಲಾರಿ ಹಾಳಾಗಿಹೋಗಲಿ, ಮಗಳು ಕನ್‌ಫೈಡ್ ಮಾಡಿದಳು. ಅವಳ ತಲೆ ಸವರಿ, "ಪುಟ್ಟಿ, ಈ ಮಾತು ಇಲ್ಲಿಂದಾಚೆ ಹೋಗಲ್ಲ," ಎಂದು ಎದೆ ಮುಟ್ಟಿಕೊಂಡೆ. (ಎದೆಗೆಲ್ಲ ಪಾಲಿಶ್ ಆಯಿತು.)

ಹಾಗೆಯೇ ಇಟ್ಟುಕೊಂಡೆ, ಬೀದಿಯ ತಿರುವಿನವರೆಗೆ. ಅಲ್ಲಿರುವ ಸಲೂನಿನಲ್ಲಿ ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಳ್ಳುವಾಗ ಸಲೂನಿನವನು, "ಏನ್ ಸ್ವಾಮಿ, ಇವತ್ತು ಮುಖ ಬೆಳಗ್ತಿದೆ," ಎಂದ. ನಾನು ಗುಟ್ಟು ಹೇಳಲಿಲ್ಲ. ಪದ ಹೇಳಿದೆ. ಅರ್ಥ ಹೇಳಿದೆ, ಮೂಲ ಹೇಳಿದೆ. "ಸರಿಯಾಗಿ ತಿಳೀಲಿಲ್ಲ ಸ್ವಾಮಿ, ಒಂದು ಉದಾಹರಣೆ ಕೊಡಿ," ಎಂದ. ಇಡೀ ಊರಿನಲ್ಲಿ ನನ್ನನ್ನು ಉದಾಹರಣೆ ಕೇಳಿದ ಮೊದಲ ಮನುಷ್ಯ. ಮೇಷ್ಟ್ರು ಬೆತ್ತ ಹಿಡಿದು ಕಣ್ಣೆದುರು ನಿಂತರು. ಸ್ವಂತ ವಾಕ್ಯವೆಂದರೆ ಸ್ವಂತದ್ದೇ ಆಗಿರಬೇಕಲ್ಲ. "ನನ್ನ ಮಗಳು ಲಾರಿ ಓಡಿಸಲು ಕಲಿಯುತ್ತಿರುವುದನ್ನು ನನ್ನಲ್ಲಿ ಕನ್‌ಫೈಡ್ ಮಾಡಿದಳು," ಎಂದೆ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸ್ವಸ್ಥಾನದಲ್ಲಿದ್ದವು.

ಕಚೇರಿಯಲ್ಲಿ ಮೀಟರ್ ರೀಡರ್ ಸಿಕ್ಕಿದ. ಅದೇ ವಾಕ್ಯವನ್ನು ಅವನಿಗೂ ಹೇಳಿದೆ. ಅಭ್ಯಾಸ ಇನ್ನಷ್ಟು ಗಟ್ಟಿಯಾಯಿತು.

ಸಂಜೆ ಮನೆಗೆ ಬಂದರೆ ಸ್ಟೂಲಿನ ಮೇಲೆ ಅಂಚೆ ಕಚೇರಿಯ ಮೇಡಂ ಕೈ ಅಗಲಿಸಿಕೊಂಡು ನಿಂತಿದ್ದರು. ನನ್ನನ್ನು ಕಂಡು, "ಬನ್ನಿ ಬನ್ನಿ. ಮಗಳು ಲಾರಿ ಕಲೀತಿದ್ದಾಳಂತೆ. ಮುಂದಿನ ವಾರ ನಾವು ಮನೆ ಬದಲಾಯಿಸ್ತಿದ್ದೀವಿ. ಸಾಮಾನು ಸಾಗಿಸೋಕೆ ಬರ್ತಾಳಾ, ಕೇಳಿ ಹೇಳ್ತೀರಾ?" ಎಂದರು.

ಹೆಂಡತಿ ನನ್ನನ್ನು ನೋಡಿದಳು. ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವು ಇಲ್ಲದಿದ್ದರೇ ವಾಸಿಯಿತ್ತು.

ಮೇಡಂ ಹೋದ ಮೇಲೆ ವಿಚಾರಣೆ ನಡೆಯಿತು. ಮಗಳಿಗೆ ಸಿಟ್ಟೇ ಬಂದಿರಲಿಲ್ಲ. ಕೂತು ನಗುತ್ತಿದ್ದಳು. "ಅಮ್ಮ, ಸಂಜೆಯೊಳಗೆ ಸುದ್ದಿ ವಾಪಸ್ ಬರುತ್ತೆ ಅಂತ ನಾನು ಅಂದಿದ್ದೆನಲ್ಲ. ನೀನು ಎರಡು ದಿನ ಅಂದಿದ್ದೆ," ಎಂದಳು.

"ಅಂದ್ರೆ? ಲಾರಿ?" ಎಂದೆ.

"ಲಾರಿಯೂ ಇಲ್ಲ, ಚಕ್ರವೂ ಇಲ್ಲ," ಎಂದಳು ಹೆಂಡತಿ. "ರೀ, ದುಬಾರಿ ಬಟ್ಟೆಗೆ ನೇರವಾಗಿ ಕತ್ತರಿ ಹಾಕ್ತೀನಾ ನಾನು? ಮೊದಲು ಹಳೇ ಹೊದಿಕೆ ಮೇಲೆ ಕತ್ತರಿಸಿ, ಹೊಲಿದು, ಎಲ್ಲಿ ಹರಿಯುತ್ತೆ ನೋಡ್ತೀನಿ. ಸರಿ ಬಂದ್ರೆ ಆಮೇಲೆ ಒಳ್ಳೇ ಬಟ್ಟೆ. ನಾನೇ ಹೇಳಿದೆ ಅವಳಿಗೆ, ಅಪ್ಪನ ಮೇಲೂ ಒಂದು ಟ್ರಯಲ್ ನೋಡು ಅಂತ."

ನನ್ನ ಪಾಲಿಗೆ ಬಂದದ್ದು ಹಳೇ ಹೊದಿಕೆ. ಅದೂ ಸಲೂನಿನ ಹೊತ್ತಿಗೇ ಹರಿದಿತ್ತು. ಒಳ್ಳೆಯ ಬಟ್ಟೆ ಏನಿತ್ತೋ, ಇನ್ನು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ ಎಂಬುದು ಖಾತ್ರಿಯಾಯಿತು. ಕೆಲವು ದಿನ ನಿಘಂಟನ್ನೂ ಮುಟ್ಟಲಿಲ್ಲ. ಇದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಗಮನಿಸಿದ್ದರೂ ಸಂತೋಷವನ್ನು ಬಚ್ಚಿಟ್ಟುಕೊಂಡರು.

ಒಂದು ಭಾನುವಾರ ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಳು. ಮಗಳು ಅರ್ಧ ಹೊಲಿದ ಬೂದು ಬಣ್ಣದ ಕೋಟು ತಂದು, "ಅಪ್ಪ, ಸ್ಟೂಲ್ ಹತ್ತಿ ನಿಂತ್ಕೋ. ಅಮ್ಮನ ಗಿರಾಕಿ ಒಬ್ರ ಗಂಡನಿಗೆ, ನಿನ್ನದೇ ಮೈಕಟ್ಟು," ಎಂದಳು. ನಿಂತೆ. ಕೋಟು ತೊಡಿಸಿದಳು. ಎರಡೂ ಕೈ ಅಗಲಿಸಲು ಹೇಳಿದಳು. ಆಮೇಲೆ ಡಬ್ಬಿಯಿಂದ ಒಂದು ಹಿಡಿ ಗುಂಡುಸೂಜಿ ತೆಗೆದು, "ಇವನ್ನ ಸ್ವಲ್ಪ ಹಿಡ್ಕೋ," ಎಂದು ನನ್ನ ತುಟಿಗಳ ನಡುವೆ ಸಾಲಾಗಿ ಸಿಕ್ಕಿಸಿಬಿಟ್ಟಳು.

ಬೆಂಚಿನ ಮೇಲೆ ನಿಂತ ದಡ್ಡ ಹುಡುಗನಂತೆ ನಿಂತಿದ್ದೆ. ಮಗಳು ನನ್ನ ಬಾಯಿಂದ ಒಂದೊಂದೇ ಸೂಜಿ ಎಳೆದು ತೋಳಿನ ಅಂಚಿಗೆ ಚುಚ್ಚುತ್ತ ಹೋದಳು. ಚುಚ್ಚುತ್ತ ಹೇಳುತ್ತ ಹೋದಳು.

"ಅಪ್ಪ, ನಾನು ಕೋಚಿಂಗ್ ಕ್ಲಾಸ್ ಬಿಟ್ಟು ಬಹಳ ದಿನ ಆಯ್ತು."

ನನ್ನ ಕಣ್ಣು ದೊಡ್ಡದಾಯಿತು. ಆಗಬಹುದಾಗಿದ್ದದ್ದು ಅದೊಂದೇ.

"ಅಲುಗಾಡ್ಬೇಡ. ಮಾರ್ಕೆಟ್ ಬೀದೀಲಿ ಕೋಟು ಹೊಲಿಯೋ ತಾತ ಇದ್ದಾರಲ್ಲ, ಅವರ ಹತ್ರ ಕಟಿಂಗ್ ಕಲಿತೆ. ಗಂಡಸರ ಅಂಗಿ, ಕೋಟು, ಎಲ್ಲಾ. ಅವರಿಗೆ ಕಣ್ಣು ಮಂಜಾಗಿದೆ. ಮಹಡಿ ಮೇಲಿನ ಕೋಣೆ, ಯಂತ್ರ, ಎಲ್ಲ ನನಗೇ ಬಿಟ್ಟುಕೊಡ್ತಿದ್ದಾರೆ. ನಾಳೆ ಬಿಟ್ಟು ಮುಂದಿನ ಸೋಮವಾರದಿಂದ ಅಂಗಡಿ ನನ್ನದು. ಪರೀಕ್ಷೆ ನನಗಾಗಲ್ಲ ಅಪ್ಪ. ಆ ಪುಸ್ತಕ ತೆರೆದ್ರೆ ನನಗೆ ಕಾಣೋದು ಹಾಳೆಯ ಅಂಚು ಎಲ್ಲಿ ಸೊಟ್ಟಗಿದೆ ಅನ್ನೋದೇ."

ಮೇಜಿನ ಮೇಲಿನ ಹೆಸರಿನ ಫಲಕ ನನ್ನ ಕಣ್ಣೆದುರೇ ದಡ್ಡನೆ ಬಿತ್ತು. ಶಿಕ್ಷಣ, ವಂಶ, ಎಮ್ಮೆ, ನಿಘಂಟು ಇವನ್ನೆಲ್ಲ ಒಳಗೊಂಡ ಅಮೋಘ ಭಾಷಣವೊಂದು ಗಂಟಲಿನವರೆಗೆ ಬಂದು, ಸೂಜಿಗಳ ಬೇಲಿ ಕಂಡು ಹಿಂದಕ್ಕೆ ಹೋಯಿತು. ಮಾತಾಡಲಾಗದವನಿಗೆ ನೋಡುವುದೊಂದೇ ಕೆಲಸ ಉಳಿಯುತ್ತದೆ. ನೋಡಿದೆ. ತೋಳು ಮಣಿಕಟ್ಟಿಗೆ ಬಂದು ನಿಂತಿದ್ದ ರೀತಿ, ಭುಜದ ಮೇಲೆ ಒಂದು ಸುಕ್ಕೂ ಇಲ್ಲದೆ ಬಟ್ಟೆ ಕೂತಿದ್ದ ರೀತಿ. ಹುಟ್ಟಿದಾಗಿನಿಂದ ನನಗೆ ಸರಿಯಾಗಿ ಕೂತ ಮೊದಲ ಉಡುಪು ಅದು.

ಕೊನೆಯ ಸೂಜಿ ಎಳೆದುಕೊಂಡು, "ಈಗ ಬೈಯಪ್ಪ," ಎಂದಳು.

ಬಾಯಿ ತೆರೆದೆ. "ಎಡಗಡೆ ತೋಳು ಸ್ವಲ್ಪ ಉದ್ದ ಆಯ್ತೇನೋ," ಎಂದೆ.

"ಇಲ್ಲ. ನೀನು ಕೈ ಇಳಿಸಿದ್ದೀಯ." ಅವಳ ದನಿ ಸ್ವಲ್ಪ ಒದ್ದೆಯಾಗಿತ್ತು. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿ, ನಿಧಾನವಾಗಿ ಹೇಳಿದಳು: "ಸೋಮವಾರದ ತನಕ ಯಾರಿಗೂ ಹೇಳ್ಬೇಡ. ಸಲೂನಲ್ಲಿ ಹೇಳ್ಬೇಡ. ಆಫೀಸಲ್ಲಂತೂ ಹೇಳಲೇಬೇಡ. ಅಲ್ಲಿ ಎಲ್ಲರೂ ಕೋಟು ಹಾಕೋರು."

ಈ ಸಲ ಕೊಟ್ಟದ್ದು ಒಳ್ಳೆಯ ಬಟ್ಟೆ. ಹರಿಯಲು ಬಿಡಬಾರದು ಎಂದು ಪಣತೊಟ್ಟೆ. ನನ್ನ ಬಾಯಿಯ ಚರಿತ್ರೆ ನನಗೆ ಗೊತ್ತಿದ್ದರಿಂದ, ಆ ಕೋಟಿಗೆ ಹಾಕಲೆಂದು ತೆಗೆದಿಟ್ಟಿದ್ದ ಗುಂಡಿಗಳಲ್ಲಿ ದೊಡ್ಡದೊಂದನ್ನು ಎತ್ತಿಕೊಂಡು, ತೊಳೆದು, ದವಡೆಯಲ್ಲಿಟ್ಟುಕೊಂಡೆ. ಮಾತು ಬಂದಾಗಲೆಲ್ಲ ಗುಂಡಿಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ವರ್ಗಾಯಿಸುವುದು. ಋಷಿಗಳು ಇದಕ್ಕಿಂತ ಸುಲಭದ ತಪಸ್ಸು ಮಾಡಿದ್ದಾರೆ.

ಸಲೂನಿನವನು, "ಇವತ್ತು ಯಾವ ಪದ ಸ್ವಾಮಿ?" ಎಂದ. ತಲೆಯಾಡಿಸಿದೆ. "ಹಲ್ಲು ನೋವಾ?" ಎಂದ. ಅದಕ್ಕೂ ತಲೆಯಾಡಿಸಿದೆ. ಪಾಪ, ಮಾತಿಲ್ಲದೆ ಅವನಿಗೂ ಬೇಸರವಾಗಿರಬೇಕು, ತನ್ನ ತಲೆಯ ಮೇಲಿರುವುದು ವಿಗ್ ಎಂದು ಹೇಳಿಬಿಟ್ಟ. ಕಚೇರಿಯಲ್ಲಿ ಮೀಟರ್ ರೀಡರ್ ನನ್ನ ಮೌನ ನೋಡಿ, ಕುರ್ಚಿ ಹತ್ತಿರಕ್ಕೆಳೆದು, ತನಗೆ ನಾಯಿಗಳೆಂದರೆ ಜೀವಭಯ, ನಾಯಿ ಇರುವ ಮನೆಗಳ ಮೀಟರನ್ನು ಗೇಟಿನಾಚೆಯಿಂದಲೇ ಅಂದಾಜು ಮಾಡುತ್ತೇನೆ ಎಂದ. (ಇವೆರಡನ್ನೂ ನೀವು ಓದಲಿಲ್ಲ.) ಎಷ್ಟೋ ವರ್ಷ ಬಾಯಿ ಬಿಟ್ಟು ಪಡೆಯದ ಗೌರವವನ್ನು ಒಂದು ಗುಂಡಿ ತಂದುಕೊಟ್ಟಿತು.

ಸೋಮವಾರ ರಜೆ ಹಾಕಿ, ಆ ಬೂದು ಕೋಟನ್ನೇ ತೊಟ್ಟು, ಗುಂಡಿ ದವಡೆಯಲ್ಲಿರುವಂತೆಯೇ ಮಾರ್ಕೆಟ್ ಬೀದಿಯ ಆ ಮಹಡಿ ಹತ್ತಿದೆ. (ಗಿರಾಕಿಯ ಗಂಡ ಎನ್ನುವವನು ಇರಲೇ ಇಲ್ಲ. ಕೋಟು ನನಗೇ ಹೊಲಿದದ್ದು.) ಮಗಳು ಕತ್ತರಿಗಳನ್ನು ಸಾಲಾಗಿ ಜೋಡಿಸಿದ್ದಳು. ಹೆಂಡತಿ ಬಂದವರಿಗೆಂದು ಕುರ್ಚಿಗಳನ್ನು ಬಾಡಿಗೆಗೆ ತರಿಸಿದ್ದಳು. ಒಂದು ಕುರ್ಚಿಯಲ್ಲಿ ಕಣ್ಣು ಮಂಜಾದ ತಾತ ಕೂತಿದ್ದರು. ಉಳಿದವುಗಳಲ್ಲಿ ಗಾಳಿ ಕೂತಿತ್ತು.

ಹೊತ್ತು ಏರಿತು. ಮೆಟ್ಟಿಲ ಮೇಲೆ ಒಂದು ಹೆಜ್ಜೆ ಸಪ್ಪಳ ಕೇಳಿ ಎಲ್ಲರೂ ಎದ್ದು ನಿಂತೆವು. ದಾರಿ ತಪ್ಪಿ ಬಂದವನೊಬ್ಬ ಶೌಚಾಲಯ ಎಲ್ಲಿದೆ ಎಂದು ಕೇಳಿ ಹೋದ.

ಮಗಳ ಮುಖ ಸಣ್ಣದಾಗುತ್ತ ಬಂತು. ಹೆಂಡತಿ ನನ್ನ ಕಡೆ ತಿರುಗಿದಳು. "ರೀ, ಸಲೂನಿಗೆ ಹೋಗಿದ್ರಲ್ಲ, ಅಲ್ಲಿ ಏನು ಹೇಳಿದ್ರಿ?"

ಗುಂಡಿಯನ್ನು ಎಡಗೆನ್ನೆಗೆ ಸರಿಸಿ, "ಏನಿಲ್ಲ," ಎಂದೆ.

"ಆಫೀಸಲ್ಲಿ?"

"ಒಂದಕ್ಷರ ಇಲ್ಲ." ಎದೆ ಉಬ್ಬಿತ್ತು. ಕೋಟು ಅದಕ್ಕೂ ಜಾಗ ಕೊಟ್ಟಿತು.

ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ದೊಪ್ಪನೆ ಕೂತಳು. "ಅಯ್ಯೋ, ನಿಮ್ಮನ್ನ ನಂಬಿ ಬೋರ್ಡೂ ಬರೆಸಿಲ್ಲವಲ್ರೀ."

"ಅಂದ್ರೆ?"

"ಅಂದ್ರೆ ಏನು ಅಂದ್ರೆ. ನನ್ನ ಗಿರಾಕಿಗಳೆಲ್ಲ ಹೆಂಗಸರು. ಇಲ್ಲಿಗೆ ಬೇಕಾಗಿದ್ದು ಗಂಡಸರು. ನಿಮಗೆ ಹೇಳಿದ್ರೆ ಸಾಕು, ಬೀದಿಗೆಲ್ಲ ಆಗುತ್ತೆ ಅಂತ ಲೆಕ್ಕ ಹಾಕಿ, 'ಯಾರಿಗೂ ಹೇಳ್ಬೇಡ' ಅಂತ ಒತ್ತಿ ಒತ್ತಿ ಹೇಳು ಅಂತ ನಾನೇ ಇವಳಿಗೆ ಹೇಳಿಕೊಟ್ಟಿದ್ದೆ. ಜನ್ಮದಲ್ಲಿ ಒಂದೇ ಒಂದು ಮಾತು ಹೊಟ್ಟೇಲಿ ಇಟ್ಕೊಂಡ್ರಿ. ಅದಕ್ಕೆ ಇದೇ ಬೇಕಾಗಿತ್ತಾ?"

ಮೂಲಾರ್ಥ ನನಗೆ ಆಗ ಹೊಳೆಯಿತು. ಫೀಡೆರೆ, ನಂಬುವುದು. ಕನ್ ಸೇರಿದರೆ ಪೂರ್ತಿಯಾಗಿ ನಂಬುವುದು. ನನ್ನ ಸಂಸಾರ ನನ್ನನ್ನು ಪೂರ್ತಿಯಾಗಿ ನಂಬಿತ್ತು, ಗುಟ್ಟು ನನ್ನಲ್ಲಿ ನಿಲ್ಲುವುದಿಲ್ಲವೆಂದು. ಆ ನಂಬಿಕೆಗೆ ನಾನು ದ್ರೋಹ ಬಗೆದಿದ್ದೆ.

ಮಗಳು ಮಾತ್ರ ನನ್ನ ಉಬ್ಬಿದ ಕೆನ್ನೆಯನ್ನೇ ನೋಡುತ್ತಿದ್ದಳು. ಹತ್ತಿರ ಬಂದು, "ಅಪ್ಪ, ಬಾಯಿ ತೆಗಿ," ಎಂದಳು. ತೆಗೆದೆ. ಗುಂಡಿಯನ್ನು ಕಂಡು ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಕೈ ಚಾಚಿದಳು. ಅವಳ ಅಂಗೈಗೆ ಉಗುಳಿದೆ. ಸೆರಗಿಲ್ಲದ್ದಕ್ಕೆ ನನ್ನದೇ ಕೋಟಿನ ತೋಳಿಗೆ ಒರೆಸಿ, ಅದನ್ನು ಅದರ ಜಾಗದಲ್ಲಿಟ್ಟು ಹೊಲಿದಳು. ಹಲ್ಲಿನಿಂದ ದಾರ ಕಡಿದು, "ಈಗ ಹೋಗಪ್ಪ. ಹೋಗಿ ಡೈವಲ್ಜ್ ಮಾಡು," ಎಂದಳು.

ಹೋದೆ. ಸಲೂನಿನಲ್ಲಿ ಆಗಷ್ಟೇ ಸಾಬೂನು ಹಚ್ಚಿಸಿಕೊಂಡಿದ್ದವರಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ರಜೆಯ ದಿನ ಕಚೇರಿಗೆ ಹೋದ ಮೊದಲ ಗುಮಾಸ್ತನೂ ನಾನೇ. ಪದ, ಅರ್ಥ, ಮೂಲ ಎಲ್ಲ ಬಿಟ್ಟು ಸ್ವಂತ ವಾಕ್ಯವೊಂದನ್ನೇ ಹೇಳುತ್ತ ಹೋದೆ, ಕೋಟು ತಿರುಗಿಸಿ ತೋರಿಸುತ್ತ. ಸಂಜೆಯ ಹೊತ್ತಿಗೆ ಮಹಡಿಯ ಮೆಟ್ಟಿಲ ಮೇಲೆ ಜನ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಮೀಟರ್ ರೀಡರ್ ಎಲ್ಲರಿಗಿಂತ ಮುಂದೆ ನಿಂತು, ಹಲ್ಲು ನಾಟದಷ್ಟು ದಪ್ಪ ಬಟ್ಟೆಯ ಕೋಟು ಬೇಕೆಂದು ಕೇಳುತ್ತಿದ್ದ.

ಅಂಗಡಿ ಮುಚ್ಚುವಾಗ ಹೆಂಡತಿ ಕುರ್ಚಿಗಳನ್ನು ಕೆಳಗೆ ಸಾಗಿಸುತ್ತಿದ್ದಳು. ಮಗಳು ಅತ್ತಿತ್ತ ನೋಡಿ, ನನ್ನ ಕೋಟಿನ ಕಾಲರು ಸರಿಮಾಡುವ ನೆಪದಲ್ಲಿ ಕಿವಿಯ ಹತ್ತಿರ ಬಂದು ಒಂದು ಮಾತು ಹೇಳಿದಳು. "ಅಮ್ಮನಿಗೂ ಗೊತ್ತಿಲ್ಲ. ನಿಂಗೆ ಮಾತ್ರ," ಎಂದಳು.

ಅದೇನೆಂದು ನಾನು ಯಾರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ. ಅದು ಒಳ್ಳೆಯ ಬಟ್ಟೆಯೋ ಹಳೇ ಹೊದಿಕೆಯೋ ತಿಳಿಯದೆ ಒದ್ದಾಡುತ್ತಿದ್ದೇನೆ. ತಿಳಿಯಲು ಇರುವುದು ಒಂದೇ ದಾರಿ, ಸಲೂನಿಗೆ ಹೋಗಿ ಬಾಯಿ ಬಿಡುವುದು. ಮತ್ತೆ ದವಡೆಯಲ್ಲಿಟ್ಟುಕೊಳ್ಳೋಣವೆಂದರೆ ಕೋಟಿನ ಗುಂಡಿಯನ್ನು ಮಗಳು ಎಂಟೆಳೆ ದಾರ ಹಾಕಿ ಹೊಲಿದಿದ್ದಾಳೆ, ಎಷ್ಟು ಎಳೆದರೂ ಬರುತ್ತಿಲ್ಲ. ಹೆಂಡತಿಯ ಡಬ್ಬಿಯಲ್ಲಿ ಇನ್ನೊಂದು ಹುಡುಕುತ್ತಿದ್ದರೆ ಅವಳು ಬಾಗಿಲಲ್ಲಿ ಬಂದು ನಿಂತು, "ಏನು ಹುಡುಕ್ತಿದ್ದೀರಿ?" ಎಂದು ಕೇಳುತ್ತಾಳೆ.

"ಏನಿಲ್ಲ," ಎನ್ನುತ್ತೇನೆ.